ಸಾಹೇಬರ ಗೋರಿ ಸಿಕ್ಕಿತು, ಸೋಲ್ಜರ್‌ಗಳು ಎಲ್ಲಿ ಹೋದರು?

ಗಂಜಾಂ ಅಂಜೂರ
ಕಳೆದ ಭಾನುವಾರ ಮಗನನ್ನು ಕರೆದುಕೊಂಡು ಶ್ರೀರಂಗಪಟ್ಟಣದ ಗ್ಯಾರಿಸನ್ ಸ್ಮಶಾನಕ್ಕೆ ಹೋಗಿದ್ದೆ. ಹೆದ್ದಾರಿಗೆ ಹತ್ತಿರದಲ್ಲೇ ಇದೆ. ಬಸ್ಸಿನಲ್ಲಿ ನೂರು ಸಲ ದಾಟಿ ಹೋಗಿದ್ದೆ, ಇಳಿದಿದ್ದು ಇದೇ ಮೊದಲು. ಸುಮಾರು 300 ಗೋರಿಗಳಿವೆ. ಅದರಲ್ಲಿ ಒಂದಷ್ಟು ದ ಮ್ಯೂರಾನ್ ಪಡೆಯವರದು. ಸ್ವಿಟ್ಜರ್ಲೆಂಡಿನ ಕೂಲಿ ಪಡೆ ಅದು. ಮೊದಲು ಸಿಲೋನಿನಲ್ಲಿ ಡಚ್ಚರ ಸಂಬಳ ತಿನ್ನುತ್ತಿತ್ತು, 1795ರಲ್ಲಿ ಇಂಗ್ಲಿಷರ ಕಡೆ ಬಂತು, 1799ರಲ್ಲಿ ಟಿಪ್ಪುವಿನ ಕೋಟೆ ಬೀಳುವಾಗ ಇಲ್ಲಿತ್ತು.

ಒಂದೊಂದೇ ಕಲ್ಲು ಓದುತ್ತಾ ಹೋದೆವು. ಕರ್ನಲ್, ಕ್ಯಾಪ್ಟನ್, ಕ್ಯಾಪ್ಟನ್ನನ ಹೆಂಡತಿ, ಲೆಫ್ಟಿನೆಂಟನ ಮಗು. ಮಗ ಏಳನೇ ಕ್ಲಾಸು. ಅರ್ಧ ಗಂಟೆ ಆದಮೇಲೆ ಕೇಳಿದ: "ಅಪ್ಪಾ, ಬರೀ ದೊಡ್ಡವರೇ ಸತ್ತರಾ? ಸಾದಾ ಸೋಲ್ಜರ್‌ಗಳನ್ನು ಎಲ್ಲಿ ಹೂತರು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಯುದ್ಧದ ವಿಷಯ ಬೇಡ, ಅದು ಎಲ್ಲ ಕಡೆ ಸಿಗುತ್ತದೆ. ದಂಡಿನಲ್ಲಿ, ಅಂದರೆ ಕಂಟೋನ್ಮೆಂಟಿನಲ್ಲಿ, ಸುಮ್ಮನೆ ವರ್ಷಗಟ್ಟಲೆ ಬಿದ್ದಿದ್ದ ಸಾಮಾನ್ಯ ಗೋರಾ (ಬಿಳಿಯ) ಸಿಪಾಯಿ ಹೇಗೆ ಬದುಕಿದ, ಏನು ತಿಂದ, ಹೇಗೆ ಸತ್ತ? ಗೊತ್ತಿದ್ದವರು ಬರೆಯಿರಿ.

ಒಗ್ಗರಣೆ
ಚರ್ಚಿಲ್ ಬೆಂಗಳೂರಲ್ಲಿ ಇದ್ದನಲ್ಲ. 13 ರೂಪಾಯಿ ಕ್ಲಬ್ಬಿಗೆ ಬಾಕಿ ಇಟ್ಟು ಹೋದ. ಲೆಡ್ಜರ್ ಇನ್ನೂ ಇದೆಯಂತೆ 😀

ಗಂಜಾಂ ಅಂಜೂರ
ಸ್ವಾಮಿ, ಅವನು ಸಾಹೇಬ. 1896ರಲ್ಲಿ 4ನೇ ಹುಸಾರ್ಸ್ ಅನ್ನುವ ಕುದುರೆ ಪಡೆಯ ಜೊತೆ ಬಂದ ಅಧಿಕಾರಿ. ಪೋಲೋ ಆಡಿದ, ಗುಲಾಬಿ ಬೆಳೆದ, ಚಿಟ್ಟೆ ಹಿಡಿದ. ಅವನ ಕುದುರೆ ಸಾಲಿನ ಹಿಂದೆ ನಿಂತಿದ್ದವನ ಬಗ್ಗೆ ಕೇಳುತ್ತಿದ್ದೇನೆ.

ದಂಡಿನ ದಾರಿ
ಒಳ್ಳೆ ಪ್ರಶ್ನೆ. ನಾನು ಹುಟ್ಟಿದ್ದು ಹಲಸೂರಿನಲ್ಲಿ, ಹಾಗಾಗಿ ಸ್ವಲ್ಪ ಸಂಬಂಧ ಇದೆ. ಮೊದಲು ಒಂದು ಮಾತು. ನೀವು ನೋಡಿದ ಪಟ್ಟಣವೇ ಅವರನ್ನು ಓಡಿಸಿತು. ಕೋಟೆ ಬಿದ್ದಮೇಲೆ ಪಡೆ ಅಲ್ಲೇ ಉಳಿಯಿತು, ಆದರೆ ಜ್ವರ ಬಿಡಲಿಲ್ಲ. ಕಾವೇರಿ, ಗದ್ದೆ, ಕಂದಕ, ನಿಂತ ನೀರು. ಮಲೇರಿಯಾಕ್ಕೆ ಕಾರಣ ಸೊಳ್ಳೆ ಅಂತ ಆಗ ಯಾರಿಗೂ ಗೊತ್ತಿಲ್ಲ, ಕೆಟ್ಟ ಗಾಳಿ ಅಂದುಕೊಂಡರು. 1809ರಲ್ಲಿ ಹಲಸೂರಿನ ಹತ್ತಿರ ಹೊಸ ದಂಡು ಕಟ್ಟಿದರು. ಮೂರು ಸಾವಿರ ಅಡಿ ಎತ್ತರ, ತಂಪು ಹವೆ. ಬ್ರಿಗೇಡ್ ರೋಡ್, ಇನ್‌ಫೆಂಟ್ರಿ ರೋಡ್, ಆರ್ಟಿಲರಿ ರೋಡ್, ಕ್ಯಾವಲ್ರಿ ರೋಡ್ ಎಲ್ಲ ಅದರ ಪಳೆಯುಳಿಕೆ. ಕ್ಯಾವಲ್ರಿ ಈಗ ಕಾಮರಾಜ ರಸ್ತೆ ಆಗಿದೆ.

ಇನ್ನು ಹೂಳುವ ವಿಷಯ. ಬಿಸಿಲು ದೇಶ, ಹೆಣ ಇಡುವ ಹಾಗಿಲ್ಲ. ಬೆಳಿಗ್ಗೆ ಸತ್ತವನನ್ನು ಸಾಯಂಕಾಲಕ್ಕೆ ಹೂತುಬಿಡುತ್ತಿದ್ದರು. ಹೋಗುವಾಗ ಬ್ಯಾಂಡು ನಿಧಾನವಾಗಿ ಶೋಕದ ರಾಗ ಬಾರಿಸುತ್ತಿತ್ತು. ಬರುವಾಗ ಅದೇ ಬ್ಯಾಂಡು ಚುರುಕು ರಾಗ ಬಾರಿಸುತ್ತಾ ಪಡೆಯನ್ನು ವಾಪಸು ನಡೆಸುತ್ತಿತ್ತು. ಕಾಲರಾ ಬಂದಾಗ ಬ್ಯಾಂಡೇ ನಿಲ್ಲಿಸುತ್ತಿದ್ದರು. ದಿನಕ್ಕೆ ಹತ್ತು ಸಲ ಆ ರಾಗ ಕೇಳಿದರೆ ಆಸ್ಪತ್ರೆಯಲ್ಲಿ ಮಲಗಿದವರು ಹೆದರಿಕೆಯಲ್ಲೇ ಸಾಯುತ್ತಾರೆ ಅಂತ.

ಸಾದಾ ಸಿಪಾಯಿಗೆ ಕಲ್ಲು ಹಾಕಿಸುವವರು ಯಾರು? ಅಮ್ಮ ಐರ್ಲೆಂಡಿನ ಯಾವುದೋ ಹಳ್ಳಿಯಲ್ಲಿ. ಗೆಳೆಯರು ದುಡ್ಡು ಹಾಕಿದರೆ ಉಂಟು, ಇಲ್ಲದಿದ್ದರೆ ಮರದ ಶಿಲುಬೆ. ಎರಡು ಮಳೆಗಾಲಕ್ಕೆ ಗೆದ್ದಲು ತಿಂದು ಮುಗಿಸುತ್ತದೆ. ಅವನ ಪೆಟ್ಟಿಗೆ, ಬೂಟು, ಬ್ರಷ್ಷು ಎಲ್ಲ ಪಡೆಯೊಳಗೇ ಹರಾಜಾಗುತ್ತಿತ್ತು. ಹೆಂಡತಿ ಮಕ್ಕಳಿದ್ದರೆ ಬೇಕಂತಲೇ ಜಾಸ್ತಿ ಕೂಗುತ್ತಿದ್ದರು. ಕೊಂಡ ಸಾಮಾನನ್ನು ಮತ್ತೆ ಹರಾಜಿಗೆ ಬಿಡುವವರೂ ಇದ್ದರು, ವಿಧವೆಗೆ ನಾಲ್ಕು ಕಾಸು ಸೇರಲಿ ಅಂತ.

ಮೇಷ್ಟ್ರು ಮಾತು
ಐರ್ಲೆಂಡ್ ಅಂದದ್ದು ಸುಮ್ಮನೆ ಅಲ್ಲ. 1830ರಲ್ಲಿ ಬ್ರಿಟಿಷ್ ಸೈನ್ಯದ 100ರಲ್ಲಿ 42 ಮಂದಿ ಐರಿಷರು. ಊರಲ್ಲಿ ಕೆಲಸ ಇಲ್ಲ, ಆಲೂಗೆಡ್ಡೆ ಕೈಕೊಟ್ಟರೆ ಊಟ ಇಲ್ಲ. ದಿನಕ್ಕೆ ಒಂದು ಶಿಲ್ಲಿಂಗ್ ಸಂಬಳ ಅಂದರೆ ಹುಡುಗರು ಹೋಗುತ್ತಿದ್ದರು. ಆ ಶಿಲ್ಲಿಂಗಿನಲ್ಲೂ ಊಟಕ್ಕೆ, ಬಟ್ಟೆಗೆ, ಕಳೆದ ಸಾಮಾನಿಗೆ ಅಂತ ಮುರಿದುಕೊಂಡು ಉಳಿದದ್ದನ್ನು ಕೊಡುತ್ತಿದ್ದರು. ಕೊನೆಗೆ ದಿನಕ್ಕೆ ಒಂದು ಪೆನ್ನಿಯಾದರೂ ಕೈಗೆ ಬರಲೇಬೇಕು ಅಂತ ನಿಯಮ ಮಾಡಬೇಕಾಯಿತು ಅಂದರೆ ಲೆಕ್ಕ ಹಾಕಿ.

ಬರುವುದೂ ಸುಲಭ ಇರಲಿಲ್ಲ. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೂ ಮೊದಲು ಆಫ್ರಿಕಾ ಸುತ್ತಿ ಹಡಗಿನಲ್ಲಿ ನಾಲ್ಕೈದು ತಿಂಗಳು. 1847ರವರೆಗೂ ಸೇರಿದವನು ಬಹುಮಟ್ಟಿಗೆ ಜೀವಮಾನಕ್ಕೆ ಸೇರಿದ ಹಾಗೆ. ಆಮೇಲೆ ಕಾಲಾಳಿಗೆ 10 ವರ್ಷ ಅಂತ ಮಿತಿ ಬಂತು. ಹೆಚ್ಚಿನವರಿಗೆ ಊರು ಮತ್ತೆ ಕಾಣಲಿಲ್ಲ.

ಕುಂದಾ ಕ್ಯಾಂಪ್
ದಿನಚರಿ ನಾನು ಹೇಳುತ್ತೇನೆ. ಬೆಳಗಾವಿ ಕ್ಯಾಂಪಿನಲ್ಲಿ ಬೆಳೆದವನು, ಈ ಹುಚ್ಚು ಹಳೆಯದು.

ನಸುಕಿಗೆ ತೋಪು ಹಾರುತ್ತಿತ್ತು. ಆ ಹೊತ್ತಿನ ಚಹಾಕ್ಕೂ ತೋಪಿನ ಹೆಸರೇ ಬಂತು. ತೋಪಿಗಿಂತ ಮೊದಲೇ ಬ್ಯಾರಕ್ಕಿಗೆ ಒಬ್ಬ ಬಂದಿರುತ್ತಿದ್ದ, ಕ್ಷೌರಿಕ. ಒಂದು ಕೈಯಲ್ಲಿ ಲಾಟೀನು, ಬಗಲಲ್ಲಿ ಚೀಲ, ಬಟ್ಟಲಲ್ಲಿ ನೀರು. ಸಾಲು ಮಂಚಗಳ ನಡುವೆ ಸದ್ದಿಲ್ಲದೆ ನಡೆದು, ಗೊರಕೆ ಹೊಡೆಯುತ್ತಿದ್ದವನ ಗಲ್ಲಕ್ಕೆ ಸೋಪು ಹಚ್ಚಿ, ಮೂಗು ಮೆಲ್ಲಗೆ ಎತ್ತಿ ಹಿಡಿದು, ಗಡ್ಡ ಹೆರೆದು ಮುಂದಿನ ಮಂಚಕ್ಕೆ ಹೋಗುತ್ತಿದ್ದ. ಎದ್ದವನು ಕೆನ್ನೆ ಸವರಿಕೊಂಡರೆ ನುಣ್ಣಗೆ! ಇದಕ್ಕೆ ವಾರಕ್ಕೆ ಕೆಲವು ಕಾಸು. ಊರಲ್ಲಿ ಹೊಟ್ಟೆಗಿಲ್ಲದ ಕೂಲಿಯ ಮಗ ಇಲ್ಲಿ ನಿದ್ದೆಯಲ್ಲೇ ಗಡ್ಡ ಮಾಡಿಸಿಕೊಳ್ಳುತ್ತಿದ್ದ.

ಅಷ್ಟೇ ಅಲ್ಲ. ಬಟ್ಟೆಗೆ ಧೋಬಿ, ನೀರಿಗೆ ಭಿಸ್ತಿ, ಗಾಳಿಗೆ ಪಂಖಾ ಎಳೆಯುವವನು, ಬೂಟಿಗೆ ಒಬ್ಬ ಹುಡುಗ, ಅಡುಗೆಗೆ ಒಬ್ಬ. ಹಾಗಾಗಿ ಮಾಡಲು ಕೆಲಸವೇ ಇಲ್ಲ. ಬೆಳಿಗ್ಗೆ ಪೆರೇಡ್, ಎಂಟಕ್ಕೆ ತಿಂಡಿ, ಆಮೇಲೆ ಬೇಸಿಗೆಯಲ್ಲಿ ಸುಮಾರು ಒಂಬತ್ತರಿಂದ ಸಂಜೆ ನಾಲ್ಕೈದರವರೆಗೆ ಬ್ಯಾರಕ್ಕಿನಿಂದ ಹೊರಗೆ ಕಾಲಿಡುವಂತಿಲ್ಲ. ಬಿಸಿಲು ಬಡಿಯುತ್ತದೆ ಅಂತ. ಆ ಏಳೆಂಟು ಗಂಟೆ ಮಂಚದ ಮೇಲೆ ಬಿದ್ದಿರಬೇಕು. ಇಸ್ಪೀಟು, ಜಗಳ, ಗಿಣಿಗೆ ಬೈಗುಳ ಕಲಿಸುವುದು, ಮತ್ತೆ ನಿದ್ದೆ. ತಲೆ ಕೆಟ್ಟು ಬಂದೂಕು ತೆಗೆದು ಪಕ್ಕದ ಮಂಚದವನಿಗೆ ಹೊಡೆದ ಪ್ರಕರಣಗಳು ಇವೆ. ಅವನನ್ನು ಕೊಂದದ್ದು ಶತ್ರು ಅಲ್ಲ, ಮಧ್ಯಾಹ್ನ ಅಂತ ನನಗೆ ಅನಿಸುತ್ತದೆ.

ನಿಮ್ಮ ಬೆಂಗಳೂರು ಮತ್ತು ನಮ್ಮ ಬೆಳಗಾವಿ ಪುಣ್ಯದ ಜಾಗಗಳು. ಉತ್ತರದ ಬಯಲಿಗೆ ಬಿದ್ದವನ ಗತಿ ಕೇಳಬೇಡಿ.

ಅಡುಗೆಮನೆ ಇತಿಹಾಸ
ಊಟ: ದಿನಕ್ಕೆ ಒಂದು ಪೌಂಡು ದನದ ಮಾಂಸ, ಒಂದು ಪೌಂಡು ಬ್ರೆಡ್ಡು, ಸ್ವಲ್ಪ ಅಕ್ಕಿ, ತರಕಾರಿ, ಚಹಾ, ಸಕ್ಕರೆ, ಉಪ್ಪು. ಮಾಂಸ ಬೆಳಿಗ್ಗೆ ಕಡಿದದ್ದು ಮಧ್ಯಾಹ್ನಕ್ಕೆ ಬೇಯಬೇಕು, ಅದು ಚಪ್ಪಲಿ ಇದ್ದ ಹಾಗೆ ಇರುತ್ತಿತ್ತು. ಅದನ್ನು ಹೇಗೋ ನುಂಗಲು ಮಸಾಲೆ ಹಾಕಿಸಿಕೊಂಡರು. ಮಿಳಗುತಣ್ಣಿ, ಅಂದರೆ ನಮ್ಮ ಮೆಣಸಿನ ಸಾರು, ಸೂಪಿನ ವೇಷ ಹಾಕಿದ್ದು ಹೀಗೆಯೇ ಇರಬೇಕು. ಬೆಂಗಳೂರಿನ ಸುತ್ತ ಆಲೂಗೆಡ್ಡೆ, ಹೂಕೋಸು, ಬೀನ್ಸ್ ಇಷ್ಟು ಬೆಳೆದದ್ದು ದಂಡಿನ ಹೊಟ್ಟೆಗೆ.

ಕುಡಿತದ ವಿಷಯ ಬಿಟ್ಟರೆ ಪಾಪ ಬರುತ್ತದೆ. ಮೊದಲೆಲ್ಲ ದಿನಕ್ಕೆ ಎರಡು ಸಲ ಸರ್ಕಾರವೇ ರಮ್ಮು ಅಥವಾ ಸಾರಾಯಿ ಅಳೆದು ಕೊಡುತ್ತಿತ್ತು. ಸಾಲದಿದ್ದರೆ ಬಜಾರಿನ ಸಾರಾಯಿ ಅಂಗಡಿ. ಅಲ್ಲಿ ಏನೇನು ಬೆರೆಸುತ್ತಿದ್ದರೋ ದೇವರಿಗೇ ಗೊತ್ತು. ಆಮೇಲೆ ಬಿಯರ್ ಕುಡಿಸಿದರೆ ವಾಸಿ ಅಂತ ತೀರ್ಮಾನಿಸಿದರು. ದಂಡಿದ್ದ ಊರಲ್ಲೆಲ್ಲ ಬ್ರೂವರಿ ಹುಟ್ಟಿದ್ದು ಸುಮ್ಮನೆ ಅಲ್ಲ.

ಒಗ್ಗರಣೆ
ಬೆಂಗಳೂರಿನ ಪಬ್ಬಿನ ಮೂಲಪುರುಷ ಸಿಕ್ಕಿದ.

ಕೌಲ್‌ಬಜಾರ್ ಕಾಕಾ
ಎಲ್ಲ ಸರಿ, ಆದರೆ ನನಗೆ ಸ್ವಲ್ಪ ಸಿಟ್ಟು ಬರುತ್ತಿದೆ. ಅಯ್ಯೋ ಪಾಪ ಸೋಲ್ಜರ್ ಅಂತ ಎಲ್ಲರೂ ಅಳುವ ಹಾಗೆ ಕಾಣುತ್ತದೆ. ಪಂಖಾ ಎಳೆಯುತ್ತಿದ್ದವನ ಕಥೆ ಯಾರು ಹೇಳುತ್ತಾರೆ? ರಾತ್ರಿ ಎರಡು ಗಂಟೆಗೆ ಅವನ ಕಣ್ಣು ಮುಚ್ಚಿ ಹಗ್ಗ ನಿಂತರೆ ಮಂಚದಿಂದ ಬೂಟು ಹಾರಿ ಬರುತ್ತಿತ್ತು. ಒದ್ದರೆ ಸತ್ತ. ಕೋರ್ಟಿನಲ್ಲಿ ಡಾಕ್ಟರು ಏನು ಹೇಳುತ್ತಿದ್ದರು ಗೊತ್ತಾ? ಮಲೇರಿಯಾದಿಂದ ಇವನ ಗುಲ್ಮ (ಸ್ಪ್ಲೀನ್) ಊದಿತ್ತು, ಸಣ್ಣ ಏಟಿಗೇ ಒಡೆಯಿತು, ಹೊಡೆದವನ ತಪ್ಪಲ್ಲ. ಒಂದಿಷ್ಟು ದಂಡ, ಮನೆಗೆ ಹೋಗು. ಎಷ್ಟೋ ಕೇಸುಗಳಲ್ಲಿ ಇದೇ ಕಥೆ.

1902ರಲ್ಲಿ ಸಿಯಾಲ್‌ಕೋಟ್‌ನಲ್ಲಿ 9ನೇ ಲ್ಯಾನ್ಸರ್ಸ್‌ಅನ್ನುವ ಗೋರಾ ಕುದುರೆ ಪಡೆಯವರು ಒಬ್ಬ ಅಡುಗೆಯವನನ್ನು ಹೊಡೆದು ಕೊಂದರು. ಯಾರು ಅಂತ ಯಾರೂ ಬಾಯಿ ಬಿಡಲಿಲ್ಲ. ವೈಸ್‌ರಾಯ್ ಕರ್ಜನ್ ಇಡೀ ಪಡೆಯ ರಜೆ ರದ್ದು ಮಾಡಿದ. ಮುಂದಿನ ಜನವರಿಯಲ್ಲಿ ದೆಹಲಿ ದರ್ಬಾರಿನಲ್ಲಿ ಅದೇ ಪಡೆ ಬಂದಾಗ ನೆರೆದ ಬಿಳಿಯರೆಲ್ಲ ಅದಕ್ಕೇ ಜೋರು ಚಪ್ಪಾಳೆ ಹೊಡೆದರು. ವೈಸ್‌ರಾಯ್ ಮುಖದ ಮೇಲೇ.

ನಮ್ಮ ಬಳ್ಳಾರಿಯ ಕೌಲ್ ಬಜಾರ್ ಹುಟ್ಟಿದ್ದೇ ದಂಡಿಗೆ ಸಾಮಾನು ಒದಗಿಸಲು. ನಮ್ಮ ಹಿರಿಯರು ಅವರಿಂದ ದುಡಿದರು, ಅವರಿಂದ ಒದೆಯನ್ನೂ ತಿಂದರು. ಎರಡೂ ಹೇಳಿ.

ಗಂಜಾಂ ಅಂಜೂರ
ಒಪ್ಪಿದೆ ಕಾಕಾ. ಅಯ್ಯೋ ಪಾಪ ಅನ್ನುವುದಕ್ಕೆ ಈ ಚರ್ಚೆ ಶುರು ಮಾಡಲಿಲ್ಲ. ಬಳ್ಳಾರಿ ಬಿಸಿಲಲ್ಲಿ ಅವರು ಹೇಗೆ ಇದ್ದರು, ಅದನ್ನೂ ಹೇಳಿ.

ಕೌಲ್‌ಬಜಾರ್ ಕಾಕಾ
ಇರಲಾಗದೆ ಬೆಟ್ಟ ಹತ್ತುತ್ತಿದ್ದರು. ಸಂಡೂರಿನ ರಾಮಘಡ ಗೊತ್ತಲ್ಲ, ರಾಮನದುರ್ಗ? ಅಲ್ಲಿ ಕಾಯಿಲೆ ಬಿದ್ದ ಗೋರಾಗಳಿಗೆ ಬ್ಯಾರಕ್ಕು, ಆಸ್ಪತ್ರೆ ಕಟ್ಟಿದ್ದರು. ಈಗ ಮಳೆಗಾಲದಲ್ಲಿ ಬೈಕ್ ಹುಡುಗರು ಮಂಜು ನೋಡಲು ಹೋಗುತ್ತಾರೆ. ಮುರಿದ ಗೋಡೆ ಮುಂದೆ ಸೆಲ್ಫಿ ಹೊಡೆಯುತ್ತಾರೆ.

ಮೇಷ್ಟ್ರು ಮಾತು
ಕಾಯಿಲೆಯ ಲೆಕ್ಕ ಕೊಡುತ್ತೇನೆ, ಯಾಕೆಂದರೆ ಇಡೀ ವಿಷಯದ ಬೆನ್ನೆಲುಬು ಅದು. 1859ರಲ್ಲಿ ಒಂದು ರಾಯಲ್ ಕಮಿಷನ್ ಕೂರಿಸಿದರು, 1863ರಲ್ಲಿ ವರದಿ ಬಂತು. ಅದರ ಹಿಂದೆ ಫ್ಲಾರೆನ್ಸ್ ನೈಟಿಂಗೇಲ್ ಒತ್ತಾಯ ಇತ್ತು. ಭಾರತದಲ್ಲಿದ್ದ ಬಿಳಿ ಸಿಪಾಯಿಗಳಲ್ಲಿ ವರ್ಷಕ್ಕೆ 1000ಕ್ಕೆ 69 ಮಂದಿ ಸಾಯುತ್ತಿದ್ದರು. ಯುದ್ಧದಲ್ಲಿ ಸತ್ತವರು ಅದರಲ್ಲಿ ತೀರಾ ಕಡಿಮೆ. ಭೇದಿ, ಜ್ವರ, ಕಾಲರಾ, ಲಿವರ್. ನೂರು ಜನರ ಒಂದು ಕಂಪನಿ ಅಂದುಕೊಳ್ಳಿ. ಪ್ರತಿ ವರ್ಷ ಏಳು ಮಂಚ ಖಾಲಿ. ಹತ್ತು ವರ್ಷದ ಸೇವೆ. ಲೆಕ್ಕ ನೀವೇ ಮುಗಿಸಿ.

ಕಾಲರಾ ಬಂದರೆ ಬ್ಯಾರಕ್ಕು ಬಿಟ್ಟು ಬಯಲಿಗೆ ಹೊರಡುತ್ತಿದ್ದರು. ಟೆಂಟು ಹೊಡೆದು, ಮತ್ತೆ ಯಾರಾದರೂ ಬಿದ್ದರೆ ಕಿತ್ತು ಮುಂದೆ ನಡೆಯುವುದು. ಗಾಳಿ ಬೀಸುವ ದಿಕ್ಕಿಗೆ ಅಡ್ಡವಾಗಿ ನಡೆಯಬೇಕು ಅಂತ ನಿಯಮ. ರೋಗ ಗಾಳಿಯಲ್ಲಿದೆ ಅಂದುಕೊಂಡಿದ್ದರು. ಇದ್ದದ್ದು ಅವರ ಜೊತೆಗೇ ಬರುತ್ತಿದ್ದ ನೀರಿನಲ್ಲಿ.

ಬೆಂಗಳೂರಿಗೆ ಸಂಬಂಧಪಟ್ಟ ಒಂದು ಸಣ್ಣ ಕಥೆ. ರೊನಾಲ್ಡ್ ರಾಸ್ 1883ರಲ್ಲಿ ಇಲ್ಲಿ ಗ್ಯಾರಿಸನ್ ಡಾಕ್ಟರ್ ಆಗಿದ್ದ. ಬಂಗಲೆ ತುಂಬ ಸೊಳ್ಳೆ. ಹುಡುಕಿದರೆ ಕಿಟಕಿ ಹೊರಗೆ ಒಂದು ತೊಟ್ಟಿ, ಅದರ ತುಂಬ ಮರಿಹುಳ. ತೊಟ್ಟಿ ಬೋರಲು ಹಾಕಿದ, ಸೊಳ್ಳೆ ಕಡಿಮೆಯಾಯಿತು. ಉಳಿದ ತೊಟ್ಟಿಗಳನ್ನೂ ಹೀಗೇ ಮಾಡೋಣ ಅಂದರೆ ಮೇಲಿನವರು ಒಪ್ಪಲಿಲ್ಲ. ಹದಿನಾಲ್ಕು ವರ್ಷ ಕಳೆದು, 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ, ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ರೋಗಾಣುವನ್ನು ಕಂಡ. ಶ್ರೀರಂಗಪಟ್ಟಣದಿಂದ ದಂಡು ಯಾಕೆ ಓಡಿತು ಅನ್ನುವುದಕ್ಕೆ ಉತ್ತರ ಸಿಕ್ಕಿದ್ದು ಅಷ್ಟು ತಡವಾಗಿ.

ಸೆರಗಿನ ಗಂಟು
ಇಷ್ಟು ಹೊತ್ತಾದರೂ ಹೆಂಗಸರ ವಿಷಯ ಯಾರೂ ಎತ್ತಲಿಲ್ಲ, ಆಶ್ಚರ್ಯವೇನಿಲ್ಲ ಬಿಡಿ.

ಸಿಪಾಯಿ ಮದುವೆಯಾಗಲು ಅಪ್ಪಣೆ ಬೇಕಿತ್ತು. ಪಡೆಯ ಲೆಕ್ಕಕ್ಕೆ ಸೇರುವ ಹೆಂಡತಿಯರು ಬೇರೆ ಕಡೆ ನೂರಕ್ಕೆ ಆರು, ಭಾರತಕ್ಕೆ ಬರುವಾಗ ನೂರಕ್ಕೆ ಹನ್ನೆರಡು. ಹಡಗು ಹೊರಡುವ ಮುಂಚೆ ಚೀಟಿ ಎತ್ತಿಸುತ್ತಿದ್ದರು. ಟೋಪಿಯೊಳಗೆ ಕೈ ಹಾಕಿ ಚೀಟಿ ತೆಗೆಯಬೇಕು. "ಹೋಗಬಹುದು" ಅಥವಾ "ಹೋಗುವಂತಿಲ್ಲ". ಹೋಗುವಂತಿಲ್ಲ ಬಂದವಳು ಮಕ್ಕಳನ್ನು ಕಟ್ಟಿಕೊಂಡು ಬಂದರಿನಲ್ಲಿ ನಿಲ್ಲಬೇಕು. ಗಂಡ ಹತ್ತು ವರ್ಷಕ್ಕೆ ಹೊರಟ.

ಬಂದವಳ ಪಾಡೇನು ಹೆಚ್ಚು ಚೆನ್ನಾಗಿರಲಿಲ್ಲ. 1850ರವರೆಗೂ ಎಷ್ಟೋ ಕಡೆ ಬೇರೆ ಮನೆ ಇಲ್ಲ. ಅದೇ ಬ್ಯಾರಕ್ಕಿನ ಮೂಲೆಯಲ್ಲಿ ಹಗ್ಗ ಕಟ್ಟಿ ಕಂಬಳಿ ಇಳಿಬಿಟ್ಟರೆ ಅದೇ ಸಂಸಾರ. ಕಂಬಳಿಯ ಆಚೆ ಐವತ್ತು ಗಂಡಸರು. ಬಸುರಿ, ಬಾಣಂತನ, ಮಗುವಿನ ಕಾಯಿಲೆ ಎಲ್ಲ ಆ ಕಂಬಳಿಯ ಹಿಂದೆ. ಗಂಡ ಸತ್ತರೆ ಕೆಲವು ತಿಂಗಳು ರೇಷನ್ನು, ಆಮೇಲೆ ಇಲ್ಲ. ಹಾಗಾಗಿ ವಾರದೊಳಗೇ ಇನ್ನೊಬ್ಬ ಕೇಳಲು ಬರುತ್ತಿದ್ದ. ಮೂರು ಮದುವೆಯಾದವಳನ್ನು ಬೈಯುವವರು ಆ ರೇಷನ್ನಿನ ಲೆಕ್ಕ ನೋಡಿ ಬೈಯಲಿ.

ಉಳಿದ ಎಂಬತ್ತೆಂಟು ಗಂಡಸರಿಗೆ? ಲಾಲ್ ಬಜಾರ್. ದಂಡಿನ ಪಕ್ಕದಲ್ಲೇ ಅಧಿಕಾರಿಗಳಿಗೆ ಗೊತ್ತಿದ್ದೇ ನಡೆಯುತ್ತಿದ್ದ ಕೇರಿ. 1864ರ ಕಂಟೋನ್ಮೆಂಟ್ ಕಾಯ್ದೆ ಆದಮೇಲೆ ಅಲ್ಲಿನ ಹೆಂಗಸರ ಹೆಸರು ಬರೆದುಕೊಂಡು, ತಪಾಸಣೆ ಮಾಡಿ, ಲೈಂಗಿಕ ರೋಗ ಇದ್ದರೆ ಅದಕ್ಕೇ ಇದ್ದ ಲಾಕ್ ಆಸ್ಪತ್ರೆಯಲ್ಲಿ ಕೂಡಿಹಾಕುತ್ತಿದ್ದರು. ಹೆಂಗಸರನ್ನು ಮಾತ್ರ. ಅದೇ ರೋಗ ಹೊತ್ತು ತಿರುಗುವ ಸೋಲ್ಜರನ್ನು ಕೂಡಿಹಾಕುವ ಕಾಯ್ದೆ ಇರಲಿಲ್ಲ. 1886ರಲ್ಲಿ ಸೈನ್ಯದ ಕಚೇರಿಯಿಂದಲೇ ಒಂದು ಸುತ್ತೋಲೆ ಹೋಯಿತು: ಹೆಂಗಸರು ಸಾಕಷ್ಟು ಸಂಖ್ಯೆಯಲ್ಲಿರಲಿ, ನೋಡಲು ಚೆನ್ನಾಗಿಯೂ ಇರಲಿ ಅಂತ. ಇದು ಇಂಗ್ಲೆಂಡಿಗೆ ಗೊತ್ತಾಗಿ ರಂಪವಾಗಿ 1888ರಲ್ಲಿ ಕಾಗದದ ಮೇಲೆ ನಿಲ್ಲಿಸಿದರು. ಕಾಗದದ ಮೇಲೆ ಅಂತ ಯಾಕೆ ಅಂದೆನೆಂದರೆ, ಇಬ್ಬರು ಅಮೆರಿಕನ್ ಹೆಂಗಸರು, ಎಲಿಜಬೆತ್ ಆಂಡ್ರ್ಯೂ ಮತ್ತು ಕ್ಯಾಥರಿನ್ ಬುಶ್ನೆಲ್, ಆಮೇಲೆ ಉತ್ತರದ ದಂಡುಗಳನ್ನು ಸುತ್ತಿ ಎಲ್ಲ ಹಾಗೇ ನಡೆಯುತ್ತಿದೆ ಅಂತ ಬಯಲು ಮಾಡಿದರು. 1895ರ ಹೊತ್ತಿಗೆ ಈ ಕಾಯಿಲೆಗೆ ಆಸ್ಪತ್ರೆ ಸೇರಿದ ಲೆಕ್ಕ 1000 ಸಿಪಾಯಿಗೆ 500 ದಾಟಿತ್ತು.

ಆ ಹೆಂಗಸರ ಹೆಸರು ಬರೆದ ಪುಸ್ತಕಗಳು ಎಲ್ಲಿವೆ ಅಂತ ನನ್ನ ಪ್ರಶ್ನೆ.

ದಂಡಿನ ದಾರಿ
ಸೆರಗಿನ ಗಂಟು ಅವರಿಗೆ ನಮಸ್ಕಾರ. ಇದನ್ನು ನಾನೇ ಬರೆಯಬೇಕಿತ್ತು.

ಸ್ವಲ್ಪ ಹಗುರ ವಿಷಯ. ಮಾತು. ಸೋಲ್ಜರ್ ಬಾಯಲ್ಲಿ ನಮ್ಮ ಪದಗಳು ಸಿಕ್ಕಿಹಾಕಿಕೊಂಡ ರೀತಿ ನೋಡಿ. ವಿಲಾಯತಿ ಹೋಗಿ "ಬ್ಲೈಟಿ" ಆಯಿತು. ನೋಡು ಅನ್ನುವ ದೇಖೋ "ಡೆಕ್ಕೊ". ಚಾಯ್ "ಚಾರ್". ರೋಟಿ "ರೂಟಿ", ಬಹಳ ವರ್ಷ ರೊಟ್ಟಿ ತಿಂದದ್ದಕ್ಕೆ ಕೊಡುವ ಪದಕ ಅಂತ ದೀರ್ಘ ಸೇವೆಯ ಪದಕಕ್ಕೇ ಆ ಹೆಸರಿಟ್ಟರು. ಕಾಲಿಗೆ ಸುತ್ತುವ ಪಟ್ಟಿ ಇವತ್ತಿಗೂ ಇಂಗ್ಲಿಷಿನಲ್ಲಿದೆ. ನಾಸಿಕದ ಹತ್ತಿರ ದೇವಲಾಲಿ ಅಂತ ಊರು. ಸೇವೆ ಮುಗಿದವರು ಅಲ್ಲಿ ಹಡಗಿಗೆ ಕಾಯಬೇಕು. ಹಡಗು ಚಳಿಗಾಲದಲ್ಲಿ ಮಾತ್ರ. ತಪ್ಪಿತೋ, ತಿಂಗಳುಗಟ್ಟಲೆ ಕೆಲಸವಿಲ್ಲದೆ ಕೂತು ತಲೆ ಕೆಡುತ್ತಿತ್ತು. ಹುಚ್ಚು ಹಿಡಿದವನಿಗೆ ಇಂಗ್ಲೆಂಡಿನಲ್ಲಿ ಈಗಲೂ "ಡೂಲಾಲಿ" ಅನ್ನುತ್ತಾರೆ.

ನಮ್ಮಲ್ಲಿ ಉಳಿದದ್ದು "ದಂಡು". ನಮ್ಮಜ್ಜಿ ಕೊನೆಯವರೆಗೂ ಕಂಟೋನ್ಮೆಂಟ್ ಸ್ಟೇಷನ್ ಅನ್ನಲಿಲ್ಲ. ದಂಡಿಗೆ ಹೋಗಿ ಬರ್ತೀನಿ, ಅಷ್ಟೇ.

ಗೋಲ್ ಗೌತಮ
ಫುಟ್‌ಬಾಲ್ ಮರೆತಿರಾ? ಹಲಸೂರಿನ ಹತ್ತಿರ ಗೋರಾಗಳು ಬೂಟು ಹಾಕಿ ಆಡುತ್ತಿದ್ದರು, ನಮ್ಮ ಹುಡುಗರು ಗೆರೆಯ ಹೊರಗೆ ನಿಂತು ಚೆಂಡು ಎತ್ತಿಕೊಡುತ್ತಿದ್ದರು. ಆಮೇಲೆ ಬರಿಗಾಲಲ್ಲಿ ತಾವೇ ಆಡಿದರು. ಗೌತಮಪುರದಲ್ಲಿ ಪೆಲೆಯ ಪ್ರತಿಮೆ ಸುಮ್ನೆ ನಿಂತಿಲ್ಲ.

ಕುಂದಾ ಕ್ಯಾಂಪ್
ಚರ್ಚಿನ ಬೆಂಚಿನ ವಿಷಯ ಸೇರಿಸುತ್ತೇನೆ. 1857ರ ಮೇ 10, ಭಾನುವಾರ ಸಂಜೆ, ಮೀರತ್‌ನಲ್ಲಿ ಗೋರಾ ಪಡೆ ಚರ್ಚಿಗೆ ಹೊರಡುವ ಹೊತ್ತಿಗೆ ದಂಗೆ ಎದ್ದಿತು. ಅಲ್ಲಿಂದ ಮುಂದೆ ಬಂದೂಕು ಇಲ್ಲದೆ ಪ್ರಾರ್ಥನೆಗೆ ಹೋಗುವಂತಿಲ್ಲ ಅಂತ ಆಯಿತು. ಹಳೆಯ ದಂಡಿನ ಚರ್ಚುಗಳ ಬೆಂಚಿನ ಹಿಂಬದಿಯಲ್ಲಿ ಅರ್ಧಚಂದ್ರದ ಹಾಗೆ ಕೊರೆದ ಕಚ್ಚು ಕಾಣುತ್ತದೆ. ಬಂದೂಕಿನ ನಳಿಗೆ ಒರಗಿಸಲು.

ದಂಗೆ ಮುಗಿದಮೇಲೆ ಇನ್ನೊಂದು ದಂಗೆ, ಬಿಳಿಯರದು. 1859ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಗೋರಾ ಪಡೆಗಳನ್ನು ಕೇಳದೆ ರಾಣಿಯ ಸೈನ್ಯಕ್ಕೆ ದಾಟಿಸಿದರು. ನಾವೇನು ದನವಾ, ಒಡೆಯನ ಕೈಯಿಂದ ಕೈಗೆ ಹೋಗಲು ಅಂತ ಕೂತರು. ಸುಮಾರು 10,000 ಮಂದಿ ಲೆಕ್ಕ ಚುಕ್ತಾ ಮಾಡಿಸಿಕೊಂಡು ಹೊರಟರು. ಮುಷ್ಕರ ಅಂದರೆ ಇದು.

ಗಂಜಾಂ ಅಂಜೂರ
ಎಲ್ಲರಿಗೂ ಥ್ಯಾಂಕ್ಸ್. ಇಷ್ಟು ಬರುತ್ತದೆ ಅಂದುಕೊಂಡಿರಲಿಲ್ಲ. ಹೂತವರ ಹೆಸರು ಎಲ್ಲಾದರೂ ಇದೆಯಾ? ಒಂದು ಹಳೆಯ ಚರ್ಚಿನ ಆಫೀಸಿನಲ್ಲಿ ರಿಜಿಸ್ಟರ್ ಕೇಳಿದೆ. ಎರಡು ಸಲ ಸೋಮವಾರ ಬನ್ನಿ ಅಂದರು. ಎರಡೂ ಸೋಮವಾರ ಬೀಗ.

ಮೇಷ್ಟ್ರು ಮಾತು
ಬೀಗದ ಚಿಂತೆ ಬಿಡಿ. ಇಲ್ಲಿನ ಪಾದ್ರಿಗಳು ಪ್ರತಿ ಹೂಳಿಕೆಯ ನಕಲನ್ನು ಮೇಲಕ್ಕೆ ಕಳಿಸಬೇಕಿತ್ತು. ಅವು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ. ಮದ್ರಾಸ್ ಪ್ರೆಸಿಡೆನ್ಸಿಯದು ಎನ್/2 ಸರಣಿ. ಬೆಂಗಳೂರು, ಬಳ್ಳಾರಿ ಅದರೊಳಗೆ ಬರುತ್ತವೆ. ಬೆಳಗಾವಿ ಬಾಂಬೆಯದು, ಎನ್/3ರಲ್ಲಿ ಹುಡುಕಿ. ಕಲ್ಲಿಲ್ಲದ ಸೋಲ್ಜರ್‌ಗಳು ಅಲ್ಲಿ ಸಾಲಾಗಿ ಸಿಗುತ್ತಾರೆ. ಹೆಸರು, ಪಡೆ, ವಯಸ್ಸು, ತಾರೀಖು. ವಯಸ್ಸಿನ ಕಾಲಂ ಮಾತ್ರ ಓದುತ್ತಾ ಹೋಗಿ, ಇಪ್ಪತ್ತರ ಆಸುಪಾಸಿನವರೇ ಜಾಸ್ತಿ.

ಗಂಜಾಂ ಅಂಜೂರ
ಇದನ್ನೆಲ್ಲ ರಾತ್ರಿ ಊಟದ ಹೊತ್ತಿಗೆ ಮಗನಿಗೆ ಓದಿ ಹೇಳಿದೆ. ಪೂರ್ತಿ ಕೇಳಿ, "ಲಾಟೀನು ಹಿಡಿದು ಬರ್ತಿದ್ದನಲ್ಲ, ಅವನ ಹೆಸರು ಯಾವ ರಿಜಿಸ್ಟರಲ್ಲಿದೆ?" ಅಂದ.

ಕೌಲ್‌ಬಜಾರ್ ಕಾಕಾ
ನಿಮ್ಮ ಮಗನನ್ನು ಬಳ್ಳಾರಿಗೆ ಕಳಿಸಿ. ಮಂಡಕ್ಕಿ ಮಿರ್ಚಿ ನನ್ನ ಲೆಕ್ಕ.